ಅರಿಶಿನ ಕೆಂಪಾದರೆ ಅದು ಸೋಪು: ಮೈಸೂರ್ ಸ್ಯಾಂಡಲ್ ಮತ್ತು ಪಕ್ಕದ ಬಾರ್‌ಗಳ ಹಿಂಬದಿ ಓದು

ಮೆಜೆಸ್ಟಿಕ್ ಕಡೆ ಹೊರಟ ಹಸಿರು ಮಾರ್ಗದ ಮೆಟ್ರೊ ಯಶವಂತಪುರ ಬಿಟ್ಟರೆ ಮುಂದೆ ನಿಲ್ಲುವುದು ಸ್ಯಾಂಡಲ್ ಸೋಪ್ ಫ್ಯಾಕ್ಟರಿಯಲ್ಲಿ. ಸೋಪಿನ ಹೆಸರಲ್ಲೇ ಮೆಟ್ರೊ ನಿಲ್ದಾಣ ಇರುವ ಊರಲ್ಲಿ ಆ ಸೋಪಿನ ವಿಮರ್ಶೆ ಬರೆಯುವುದೆಂದರೆ ಮನೆಯ ಅಜ್ಜನ ಗುಣದೋಷ ಎಣಿಸಿದ ಹಾಗೆ. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ, ಎರಡು ವರ್ಷ ಕಳೆದು ಬೆಂಗಳೂರಿನಲ್ಲಿ ಸೋಪು, ನಾಲ್ವಡಿಯವರ ಕಾಲ, ವಿಶ್ವೇಶ್ವರಯ್ಯನವರ ದಿವಾನಗಿರಿ, ಡಬ್ಬಿಯ ಮೇಲೆ ಸೊಂಡಿಲುಳ್ಳ ಶರಭ, 2006ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ. ಇದೆಲ್ಲ ಎಲ್ಲರಿಗೂ ಬಾಯಿಪಾಠ. ಯಾರೂ ಓದದೆ ಉಳಿದಿರುವುದು ಡಬ್ಬಿಯ ಹಿಂಬದಿ. ಅಲ್ಲಿನ ಸಣ್ಣ ಅಕ್ಷರಗಳನ್ನು ಡವ್ ಬಾರಿನ, ‘ಪಿಎಚ್ 5.5’ (ಪಿಎಚ್ ಅಂದರೆ ಆಮ್ಲ-ಕ್ಷಾರದ ಅಳತೆ, 7 ತಟಸ್ಥ) ಎಂದು ಹೇಳಿಕೊಳ್ಳುವ ಬಾರಿನ, ಸಂತೆಯ ಕೈಸೋಪಿನ ಹಿಂಬದಿಯ ಜತೆ ಇಟ್ಟು ನೋಡಿದರೆ ತೀರ್ಪು ಬಹುಮಟ್ಟಿಗೆ ಸೋಪಿನ ಮೇಲೆ ನಿಲ್ಲುವುದೇ ಇಲ್ಲ. ನಿಮ್ಮ ನಲ್ಲಿಯಲ್ಲಿ ಕಾವೇರಿ ಬರುತ್ತಾಳೋ ಟ್ಯಾಂಕರ್ ನೀರು ಬರುತ್ತದೋ ಎಂಬುದರ ಮೇಲೆ ನಿಲ್ಲುತ್ತದೆ.

ಮೊದಲು ಟಿಎಫ್‌ಎಂ, ಅಂದರೆ ಸೋಪಿನಲ್ಲಿರುವ ಒಟ್ಟು ಕೊಬ್ಬಿನಾಮ್ಲದ ಪಾಲು. ಮೈಸೂರ್ ಸ್ಯಾಂಡಲ್ ಡಬ್ಬಿ ಗ್ರೇಡ್ 1, ಟಿಎಫ್‌ಎಂ 80% ಎನ್ನುತ್ತದೆ. ಭಾರತೀಯ ಮಾನಕ ಸಂಸ್ಥೆ ಬಿಐಎಸ್‌ನ ಐಎಸ್ 2888 ಮಾನಕದಲ್ಲಿ ಟಾಯ್ಲೆಟ್ ಸೋಪು ಗ್ರೇಡ್ 1 ಅನ್ನಿಸಿಕೊಳ್ಳಲು ಕನಿಷ್ಠ 76 ಇರಬೇಕು. ಗ್ರೇಡ್ 2ಕ್ಕೆ 70, ಗ್ರೇಡ್ 3ಕ್ಕೆ 60. ‘ಬಾತಿಂಗ್ ಬಾರ್’ ಎಂದು ಬರೆದಿದ್ದರೆ ಅದಕ್ಕೆ ಬೇರೆಯೇ ಮಾನಕ, ಐಎಸ್ 13498. ಅಲ್ಲಿ 40 ಇದ್ದರೂ ಪಾಸು.

80 ಅಂದರೆ ಉಳಿದ 20 ನೀರು ಅಂತ ತಿಳಿಯುವವರಿದ್ದಾರೆ. ಲೆಕ್ಕ ಹಾಗಿಲ್ಲ. ಟಿಎಫ್‌ಎಂ ಅಳೆಯುವುದು ಸೋಪನ್ನು ಒಡೆದು ಬೇರ್ಪಡಿಸಿದ ಕೊಬ್ಬಿನಾಮ್ಲವನ್ನು. ಬಾರಿನೊಳಗೆ ಆ ಆಮ್ಲಕ್ಕೆ ಸೋಡಿಯಂ ಅಂಟಿಕೊಂಡಿರುತ್ತದೆ. ಪಾಮಿಟಿಕ್ ಆಸಿಡ್‌ನ ಅಣುತೂಕ 256, ಸೋಡಿಯಂ ಪಾಮಿಟೇಟ್‌ನದು 278. ಈ ಅನುಪಾತ ಹಿಡಿದರೆ ಟಿಎಫ್‌ಎಂ 80 ಇರುವ ಬಾರಿನಲ್ಲಿ ಸುಮಾರು 87 ಭಾಗ ಅಪ್ಪಟ ಸೋಪೇ ಇದೆ. ಮಿಕ್ಕ 13ರಲ್ಲಿ ತೇವ, ಪರಿಮಳ, ಉಪ್ಪು, ಬಣ್ಣ ಎಲ್ಲವೂ ಹೊಂದಿಕೊಳ್ಳಬೇಕು. ಟಾಲ್ಕು, ಪಿಷ್ಟ, ಸೀಮೆಸುಣ್ಣದಂಥ ಪುಡಿ ತುಂಬಲು ಅಲ್ಲಿ ಜಾಗವೇ ಇಲ್ಲ. ಬಾರ್ ಗಟ್ಟಿಯಾಗಿ ನಿಧಾನ ಸವೆಯುವುದಕ್ಕೆ ಇದೇ ಕಾರಣ. ಈ ಮಟ್ಟಿಗೆ ಮೈಸೂರ್ ಸ್ಯಾಂಡಲ್ ಕೊಟ್ಟ ಮಾತು ಉಳಿಸಿಕೊಳ್ಳುವ ಸರಕು.

ಆದರೆ ಟಿಎಫ್‌ಎಂ ಹೇಳುವುದು ಅಪ್ಪಟತನವನ್ನು, ಮೃದುತನವನ್ನಲ್ಲ. ಕಲಬೆರಕೆಯಿಲ್ಲದ ಮೆಣಸಿನಪುಡಿ ಅಂದಾಕ್ಷಣ ಖಾರ ಕಡಿಮೆ ಎಂದು ಯಾರಾದರೂ ತಿಳಿಯುತ್ತಾರೆಯೇ? ‘ಟಿಎಫ್‌ಎಂ ಜಾಸ್ತಿ ಇದ್ದಷ್ಟೂ ಚರ್ಮಕ್ಕೆ ಒಳ್ಳೆಯದು’ ಎನ್ನುವ ವಾಟ್ಸ್ಆ್ಯಪ್ ಪಾಠ ಇಲ್ಲಿ ಎಡವುತ್ತದೆ. ಪಾರದರ್ಶಕ ಸೋಪುಗಳಲ್ಲಿ ಗ್ಲಿಸರಿನ್, ಸಾರ್ಬಿಟಾಲ್, ಸಕ್ಕರೆಯಂಥವು ಹೆಚ್ಚಿರುವುದರಿಂದ ಟಿಎಫ್‌ಎಂ ತಾನಾಗಿ ಇಳಿಯುತ್ತದೆ. ಅಲ್ಲಿ ಕಡಿಮೆ ಅಂಕ ಅಂದರೆ ಕಳಪೆ ಎಂದಲ್ಲ. ಡವ್‌ನಂಥ ಬಾರ್‌ಗೆ ಈ ಅಳತೆಗೋಲು ಹೊಂದುವುದೇ ಇಲ್ಲ, ಏಕೆಂದರೆ ಅದರ ಮುಖ್ಯ ವಸ್ತು ಸೋಪಲ್ಲ.

ಸೋಪು ಯಾವುದು, ಸೋಪಲ್ಲದ್ದು ಯಾವುದು ಎಂದು ಹಿಂಬದಿಯ ಘಟಕಗಳ ಪಟ್ಟಿಯ ಮೊದಲ ಎರಡು ಹೆಸರೇ ಹೇಳುತ್ತವೆ. ಸೋಡಿಯಂ ಪಾಮೇಟ್ ಅಂದರೆ ತಾಳೆ ಎಣ್ಣೆಗೆ ಕಾಸ್ಟಿಕ್ ಸೋಡಾ ಕೂಡಿಸಿ ಮಾಡಿದ್ದು. ಪಾಮ್ ಕರ್ನಲೇಟ್ ತಾಳೆ ಬೀಜದ ಎಣ್ಣೆಯದು, ಕೊಕೋಯೇಟ್ ಕೊಬ್ಬರಿ ಎಣ್ಣೆಯದು. ಟ್ಯಾಲೋಯೇಟ್ ಎಂದಿದ್ದರೆ ದನ ಅಥವಾ ಕುರಿಯ ಕೊಬ್ಬು. ಸಸ್ಯಾಹಾರಿಗಳ ಮನೆಯಲ್ಲಿ ಹಸಿರು ಚುಕ್ಕೆಯ ಜತೆಗೆ ಈ ಪದವನ್ನೂ ಹುಡುಕಬೇಕು, ಹೊರದೇಶದಿಂದ ಬಂದ ಬಾರ್‌ಗಳಲ್ಲಂತೂ ತಪ್ಪದೆ. ತಾಳೆ ಎಣ್ಣೆ ಬಾರಿಗೆ ಗಟ್ಟಿತನ ಕೊಟ್ಟರೆ ತಾಳೆ ಬೀಜ ಅಥವಾ ಕೊಬ್ಬರಿ ಎಣ್ಣೆ ನೊರೆ ಕೊಡುತ್ತದೆ. ‘ಕೊಬ್ಬರಿ ಎಣ್ಣೆಯ ಸೋಪು, ಹಾಗಾಗಿ ತಂಪು’ ಎಂಬ ಮಾತು ತಿರುಗುಮುರುಗಾಗಿದೆ. ಕೊಬ್ಬರಿ ಎಣ್ಣೆಯ ಲಾರಿಕ್ ಆಸಿಡ್ ಸೋಪಾದಾಗ ಎಣ್ಣೆಯನ್ನು ಎಲ್ಲಕ್ಕಿಂತ ಚುರುಕಾಗಿ ಕಿತ್ತು ತೆಗೆಯುತ್ತದೆ, ಚರ್ಮವನ್ನೂ ಒಣಗಿಸುತ್ತದೆ. ಎಣ್ಣೆಯಾಗಿ ಮೈಗೆ ಹಚ್ಚಿದಾಗಿನ ಗುಣ ಸೋಪಾದ ಮೇಲೆ ಉಳಿದಿರುವುದಿಲ್ಲ.

ಇನ್ನು ನೀರು. ಜಯನಗರ, ಬಸವನಗುಡಿ, ಮಲ್ಲೇಶ್ವರದ ಕಾವೇರಿ ನಲ್ಲಿಯಡಿ ಹಾಲಿನಂಥ ನೊರೆ ಕೊಡುವ ಸೋಪು, ವೈಟ್‌ಫೀಲ್ಡ್ ಕಡೆಯ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಅಪಾರ್ಟ್‌ಮೆಂಟಿನಲ್ಲಿ ಉಜ್ಜಿದಷ್ಟೂ ನೊರೆ ಬಾರದೆ, ಬಕೆಟ್ಟಿನ ಅಂಚಿಗೆ ಬೂದು ಬಣ್ಣದ ಜಿಡ್ಡು ಹಿಡಿಸುತ್ತದೆ. ಬೋರ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಸೋಡಿಯಂ ಜಾಗಕ್ಕೆ ನುಗ್ಗುತ್ತವೆ. ಆಗ ಹುಟ್ಟುವ ಕ್ಯಾಲ್ಸಿಯಂ ಸೋಪು ನೀರಿನಲ್ಲಿ ಕರಗದು, ನೊರೆ ಕೊಡದು, ಮೊಸರೊಡೆದ ಹಾಗೆ ಗಸಿಯಾಗಿ ಮೈಗೂ ಟೈಲ್ಸ್‌ಗೂ ಅಂಟುತ್ತದೆ.

ಎಷ್ಟು ಸೋಪು ಹೀಗೆ ವ್ಯರ್ಥವಾಗುತ್ತದೆಂದು ಲೆಕ್ಕ ಹಾಕಬಹುದು. ಕುಡಿಯುವ ನೀರಿನ ಮಾನಕ ಐಎಸ್ 10500ರಲ್ಲಿ ಗಡಸುತನಕ್ಕೆ ಒಪ್ಪಿತ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ. ನಡುವಿನ 300 ಹಿಡಿಯಿರಿ. ಅಷ್ಟು ಗಡಸುತನ ಒಂದು ಲೀಟರಿನಲ್ಲೇ ಸುಮಾರು 1.7 ಗ್ರಾಂ ಸೋಪನ್ನು ಗಸಿ ಮಾಡಬಲ್ಲದು. 15 ಲೀಟರಿನ ಬಕೆಟ್ಟಿಗೆ 25 ಗ್ರಾಂ, ಅಂದರೆ 75 ಗ್ರಾಂ ಬಾರಿನ ಮೂರನೇ ಒಂದು ಪಾಲು. ಬಕೆಟ್ಟಿನ ನೀರೆಲ್ಲ ಸೋಪಿಗೆ ತಾಗಿದರೆ ಆಗುವ ಲೆಕ್ಕ ಇದು. ಸ್ನಾನದಲ್ಲಿ ಅಷ್ಟು ಆಗುವುದಿಲ್ಲ. ಆದರೆ ಮೈ ತೊಳೆಯಲು ಸುರಿದುಕೊಳ್ಳುವ ಪ್ರತಿ ಚೊಂಬು ನೀರೂ ಮೈಮೇಲಿನ ನೊರೆಗೆ ಹೊಸ ಕ್ಯಾಲ್ಸಿಯಂ ತಂದು ಹಾಕುತ್ತದೆ. ತೊಳೆಯುವ ನೀರೇ ಗಸಿ ಕಟ್ಟಿಸುವ ನೀರು. ‘ಎಷ್ಟು ತೊಳೆದರೂ ಹೋಗ್ತಿಲ್ಲ’ ಅನ್ನಿಸುವುದು ಇದಕ್ಕೇ.

ಪಟ್ಟಿಯ ಕೊನೆಯಲ್ಲಿ ಟೆಟ್ರಾಸೋಡಿಯಂ ಇಡಿಟಿಎ, ಎಟಿಡ್ರೊನೇಟ್ ಎಂಬ ಹೆಸರು ಕಂಡು ಸೋಪು ಗಡಸು ನೀರನ್ನು ತಾನೇ ನಿಭಾಯಿಸುತ್ತದೆ ಎಂದು ನಂಬಬೇಡಿ. ಅವು ಇರುವುದು ಚಿಟಿಕೆಯಷ್ಟು. ಅವುಗಳ ಕೆಲಸ ಬಾರಿನೊಳಗಿನ ಕಬ್ಬಿಣ, ತಾಮ್ರದ ಅಂಶವನ್ನು ಕಟ್ಟಿಹಾಕಿ ಸೋಪು ಕಮಟಾಗದಂತೆ, ಕಂದು ಚುಕ್ಕೆ ಏಳದಂತೆ ಕಾಯುವುದು. ಬಕೆಟ್ಟಿನ ನೀರು ಅವಕ್ಕೆ ಸಂಬಂಧವಿಲ್ಲ.

ನಿಮ್ಮ ಮನೆಯ ನೀರು ಹೇಗಿದೆ ಎಂದು ತಿಳಿಯಲು ಟಿಡಿಎಸ್ ಮೀಟರ್ ಸಾಲದು. ಅದು ಕರಗಿದ ಲವಣವನ್ನೆಲ್ಲ ಒಟ್ಟಿಗೆ ಎಣಿಸುತ್ತದೆಯೇ ಹೊರತು ಕ್ಯಾಲ್ಸಿಯಂ ಯಾವುದು, ಅಡುಗೆ ಉಪ್ಪು ಯಾವುದು ಎಂದು ಬಿಡಿಸಿ ಹೇಳುವುದಿಲ್ಲ. ಬಾಟಲಿ ಪರೀಕ್ಷೆ ಇದಕ್ಕಿಂತ ನೇರ. ಮೈಸೂರ್ ಸ್ಯಾಂಡಲ್‌ನಂಥ ಅಪ್ಪಟ ಸೋಪನ್ನು ಸಣ್ಣಗೆ ತುರಿದು, 1 ಗ್ರಾಂ ತೂಗಿ, 50 ಎಂಎಲ್ ಬಿಸಿ ಆರ್‌ಓ ನೀರಿನಲ್ಲಿ ಪೂರ್ತಿ ಕರಗಿಸಿ. ತಣ್ಣೀರಿಗೆ ನೇರ ಹಾಕಿದರೆ ತುರಿ ಕರಗದೆ ತೇಲುತ್ತದೆ, ಅದನ್ನೇ ಗಸಿ ಎಂದು ತಪ್ಪು ತಿಳಿಯುವ ಅಪಾಯವಿದೆ. ಇದನ್ನು ಒಂದು ಲೀಟರಿನ ಪಾರದರ್ಶಕ ಬಾಟಲಿಗೆ ಸುರಿದು ನಲ್ಲಿ ನೀರು 450 ಎಂಎಲ್ ಸೇರಿಸಿ, ಮುಚ್ಚಳ ಹಾಕಿ 20 ಸಲ ಕುಲುಕಿ, ಐದು ನಿಮಿಷ ಬಿಡಿ. ಇನ್ನೊಂದು ಬಾಟಲಿಯಲ್ಲಿ ಪೂರ್ತಿ ಆರ್‌ಓ ನೀರಿನಿಂದ ಇದನ್ನೇ ಮಾಡಿ ಪಕ್ಕದಲ್ಲಿಡಿ. ನಲ್ಲಿ ನೀರಿನ ಬಾಟಲಿಯಲ್ಲೂ ಎರಡು ಬೆರಳು ನೊರೆ ನಿಂತರೆ ನೀರು ಮೆದು. ನೊರೆ ಕುಸಿದು ಮೇಲೆ ಮೊಸರಿನ ಚೂರಿನಂಥ ಬಿಳಿ ಗಸಿ ತೇಲಿದರೆ ಗಡಸುತನ 300ರ ಆಸುಪಾಸು ಅಥವಾ ಅದಕ್ಕೂ ಹೆಚ್ಚು. ಡವ್, ಶಾಂಪೂ, ಹ್ಯಾಂಡ್‌ವಾಶ್ ಹಾಕಿ ಈ ಪರೀಕ್ಷೆ ಮಾಡಿದರೆ ಯಾವ ನೀರಿನಲ್ಲೂ ನೊರೆ ಬರುತ್ತದೆ, ಏನೂ ತಿಳಿಯುವುದಿಲ್ಲ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾದ ಮೇಲೆ ಹೊರವಲಯದ 110 ಹಳ್ಳಿಗಳ ಪ್ರದೇಶದಲ್ಲಿ ಒಂದೇ ಸಂಪ್ ತೊಟ್ಟಿಗೆ ಒಂದು ದಿನ ಕಾವೇರಿ, ಇನ್ನೊಂದು ದಿನ ಟ್ಯಾಂಕರ್ ಬೀಳುವ ಮನೆಗಳಿವೆ. ಅಂಥಲ್ಲಿ ಬೇರೆ ಬೇರೆ ವಾರ ಎರಡು ಮೂರು ಸಲ ನೋಡಿ.

ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಹಾಕಿಸಿದ ಅಪಾರ್ಟ್‌ಮೆಂಟುಗಳಲ್ಲಿ ದೂರು ಉಲ್ಟಾ ಬರುತ್ತದೆ: ‘ಸೋಪು ಜಾರ್ತಾನೇ ಇರುತ್ತೆ, ಹೋಗೋದೇ ಇಲ್ಲ’. ಸಾಫ್ಟ್‌ನರಿನ ರೆಸಿನ್ ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ. ಸೋಪನ್ನು ಗಸಿಯಾಗಿಸುವವರೇ ಇಲ್ಲದ್ದರಿಂದ ಸ್ವಲ್ಪ ಸೋಪೂ ಬಹಳ ಹೊತ್ತು ಜಾರುತ್ತದೆ. ಅರ್ಧ ಉಜ್ಜಿದರೆ ಸಾಕು. ಕೆಲವು ವಾರಗಳಲ್ಲಿ ಹಳೆಯ ಜಿಡ್ಡು ಮರಳಿ ಕಾಣಿಸಿಕೊಂಡರೆ ಉಪ್ಪು ಹಾಕಿ ರೆಸಿನ್ ತೊಳೆಯುವ ಕೆಲಸ ತಪ್ಪಿದೆ ಎಂದರ್ಥ. ಟಿಡಿಎಸ್ ಮೀಟರ್ ಆಗಲೂ ಮೊದಲಿನ ಅಂಕಿಯನ್ನೇ ತೋರಿಸುತ್ತಿರುತ್ತದೆ. ಬಾಟಲಿಯೇ ನಿಜ ಹೇಳುವುದು.

ಗಸಿ ಚರ್ಮಕ್ಕೆ ಎಷ್ಟು ಕೆಡುಕು? ಇಲ್ಲಿ ಸಾಫ್ಟ್‌ನರ್ ಮಾರುವವರು ಹೇಳುವುದಕ್ಕಿಂತ ವಿಷಯ ಸೂಕ್ಷ್ಮವಾಗಿದೆ. 2018ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಗಡಸು ನೀರಿನಲ್ಲಿ ತೊಳೆದಾಗ ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ಸೋಪಲ್ಲದ ನೊರೆದ್ರವ್ಯ ಚರ್ಮದ ಮೇಲೆ ಹೆಚ್ಚು ಉಳಿದು ಉರಿ ಹೆಚ್ಚಿಸಿದ್ದು ಕಂಡುಬಂತು. ಆದರೆ 2011ರಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಎಕ್ಸಿಮಾ (ತುರಿಕೆಯ ಚರ್ಮರೋಗ) ಇರುವ 336 ಮಕ್ಕಳನ್ನು ಸೇರಿಸಿ ನಡೆಸಿದ ಪ್ರಯೋಗದಲ್ಲಿ, ಮನೆಗೆ ಸಾಫ್ಟ್‌ನರ್ ಹಾಕಿಸಿದ್ದರಿಂದ ಎಕ್ಸಿಮಾಕ್ಕೆ ಹೆಚ್ಚಿನ ಲಾಭವೇನೂ ಆಗಲಿಲ್ಲ. ಎರಡನ್ನೂ ಒಟ್ಟಿಗೆ ಓದಿದರೆ ಖರ್ಚು ಎಲ್ಲಿ ಮಾಡಬೇಕೆಂಬುದು ಕಾಣುತ್ತದೆ: ಸಾವಿರಗಟ್ಟಲೆ ಸುರಿದು ನೀರು ಬದಲಿಸುವ ಮುಂಚೆ, ನೂರು ರೂಪಾಯಿಯ ಆಸುಪಾಸಿನಲ್ಲಿ ಬಾರ್ ಬದಲಿಸಿ ನೋಡಿ.

ಯಾವ ಬಾರಿಗೆ ಎನ್ನಲು ಪಿಎಚ್ ನೋಡಬೇಕು, ಅದಕ್ಕೆ ಅಡುಗೆಮನೆಯ ಅರಿಶಿನ ಸಾಕು. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುವುದು ಆರತಿ ತಟ್ಟೆ ನೋಡಿದವರಿಗೆಲ್ಲ ಗೊತ್ತು. ಬಿಳಿ ಪಂಚೆಯ ಸಾರಿನ ಕಲೆಗೆ ಸೋಪು ಹಚ್ಚಿದಾಗ ರಕ್ತದ ಬಣ್ಣಕ್ಕೆ ತಿರುಗುವುದೂ ಅದೇ. ಬಿಳಿ ಕಾಗದದ ಮೇಲೆ ನೀರಲ್ಲಿ ಕಲಸಿದ ಅರಿಶಿನ ತೆಳ್ಳಗೆ ಬಳಿದು ಒಣಗಿಸಿ. ಆರ್‌ಓ ನೀರಿನಿಂದ ಪ್ರತಿ ಬಾರಿನ ಗಟ್ಟಿ ನೊರೆ ತೆಗೆದು ಒಂದೊಂದು ಬೊಟ್ಟು ಇಡಿ. ಬೋರ್ ನೀರು ಬಳಸಿದರೆ ಅದರದೇ ಕ್ಷಾರ ಫಲಿತಾಂಶ ಕೆಡಿಸಬಹುದು. ಮೈಸೂರ್ ಸ್ಯಾಂಡಲ್ ಇರಲಿ, ಐದು ಪಟ್ಟು ಬೆಲೆಯ ಆಮದು ಸೋಪಿರಲಿ, ಕೊಬ್ಬಿಗೆ ಕಾಸ್ಟಿಕ್ ಸೋಡಾ ಕೂಡಿಸಿ ಮಾಡಿದ್ದೆಲ್ಲ ಕೆಂಪು ಕಂದಾಗುತ್ತದೆ, ಏಕೆಂದರೆ ಸೋಪಿನ ಪಿಎಚ್ 9.5ರಿಂದ 10.5ರ ನಡುವೆ ಇರುತ್ತದೆ. ಚರ್ಮದ ಮೇಲ್ಪದರ ಸುಮಾರು 5ರ ಆಸುಪಾಸಿನ ಆಮ್ಲೀಯ. ಸೋಪಿನ ಪಿಎಚ್ ಇಳಿಸಲು ಹುಳಿ ಸೇರಿಸಿದರೆ ಸೋಪೇ ಒಡೆದು ಕೊಬ್ಬಿನಾಮ್ಲ ಬೇರೆಯಾಗುತ್ತದೆ. ಆದ್ದರಿಂದ ಪಟ್ಟಿಯ ಮೊದಲ ಹೆಸರು ಸೋಡಿಯಂ ಪಾಮೇಟ್ ಆಗಿದ್ದು ಮುಂಬದಿಯಲ್ಲಿ ‘ಪಿಎಚ್ 5.5’ ಎಂದಿದ್ದರೆ ಎರಡರಲ್ಲಿ ಒಂದು ಸುಳ್ಳು.

2021ರ ಜನವರಿಯಲ್ಲಿ ಸೆಬಾಮೆಡ್ ಜಾಹೀರಾತು ಬೇರೆ ಸೋಪುಗಳ ಪಿಎಚ್ ಅನ್ನು ಬಟ್ಟೆ ಬಾರಿನ ಜತೆ ಹೋಲಿಸಿದ್ದು, ಹಿಂದೂಸ್ತಾನ್ ಯೂನಿಲಿವರ್ ಬಾಂಬೆ ಹೈಕೋರ್ಟಿಗೆ ಹೋದದ್ದು ನೆನಪಿರಬಹುದು. ಆ ಜಗಳದಿಂದ ಪಿಎಚ್ ಎಂಬ ಪದ ಮನೆಮನೆಗೆ ಬಂತು, ಅರ್ಧಂಬರ್ಧ ಅರ್ಥದ ಜತೆ. ಪಿಎಚ್ ಒಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. ಚರ್ಮ ಗಟ್ಟಿಯಾಗಿರುವ ಬಹುಪಾಲು ಜನಕ್ಕೆ ಸೋಪಿನಿಂದ ಏರಿದ ಪಿಎಚ್ ಕೆಲವು ಗಂಟೆಗಳಲ್ಲಿ ತಾನೇ ಇಳಿಯುತ್ತದೆ. ದಿನಕ್ಕೆ ನಾಲ್ಕು ಸಲ ಮುಖ ತೊಳೆಯುವವರು, ಎಕ್ಸಿಮಾ ಇರುವ ಮಕ್ಕಳು, ಮೊಡವೆಗೆ ರೆಟಿನಾಯ್ಡ್ ಕ್ರೀಮ್ ಹಚ್ಚುವವರು, ಇವರಿಗೆ ಆ ಗಂಟೆಗಳು ದುಬಾರಿ.

ಈಗ ಡವ್ ಬಾರಿನ ಹಿಂಬದಿ. ಮೊದಲು ಸೋಡಿಯಂ ಲಾರೊಯ್ಲ್ ಐಸೆಥಿಯೊನೇಟ್, ಆಮೇಲೆ ಸ್ಟಿಯರಿಕ್ ಆಸಿಡ್, ಸೋಡಿಯಂ ಪಾಮಿಟೇಟ್, ಲಾರಿಕ್ ಆಸಿಡ್. ಮೊದಲನೆಯದೂ ಕೊಬ್ಬರಿ ಅಥವಾ ತಾಳೆ ಬೀಜದ ಎಣ್ಣೆಯಿಂದ ಹುಟ್ಟಿದ್ದೇ, ಆದರೆ ಅದರ ತುದಿಯಲ್ಲಿರುವುದು ಸಲ್ಫೋನೇಟ್ ಗುಂಪು. ಕ್ಯಾಲ್ಸಿಯಂ ಬಂದರೂ ಸುಲಭಕ್ಕೆ ಗಸಿ ಕಟ್ಟುವುದಿಲ್ಲ, ತಟಸ್ಥ ಪಿಎಚ್‌ನಲ್ಲೂ ನೊರೆ ಕೊಡುತ್ತದೆ. ಹಾಗಾಗಿ ಪಿಎಚ್ 7ರ ಆಸುಪಾಸು, ಅರಿಶಿನ ಹಳದಿಯಾಗಿಯೇ ಉಳಿಯುತ್ತದೆ. 1957ರಲ್ಲಿ ಅಮೆರಿಕದಲ್ಲಿ ಈ ಬಾರ್ ಬಂದಾಗ ಹೊಸದಾಗಿದ್ದದ್ದೂ ಇದೇ. ಜಾಹೀರಾತಿನ ‘ಕಾಲು ಭಾಗ ಮಾಯಿಶ್ಚರೈಸಿಂಗ್ ಕ್ರೀಮ್’ ಎಲ್ಲಿದೆ ಎಂದು ಹುಡುಕಿದರೆ ಪಟ್ಟಿಯಲ್ಲಿ ಸಿಗುವುದು ಸ್ಟಿಯರಿಕ್ ಆಸಿಡ್. ಅದು ಕೆಟ್ಟದ್ದಲ್ಲ, ತೊಳೆಯುವಾಗ ಚರ್ಮದಿಂದ ಎಣ್ಣೆ ಕಿತ್ತು ಹೋಗುವುದನ್ನು ತಗ್ಗಿಸುತ್ತದೆ, ತುಸು ಮೈಮೇಲೂ ಉಳಿಯುತ್ತದೆ. ಆದರೆ ಡಬ್ಬಿಯಿಂದ ಬೆರಳಲ್ಲಿ ತೆಗೆದು ಹಚ್ಚುವ ಕ್ರೀಮ್ ಅಂದುಕೊಂಡರೆ ನಿರಾಸೆ.

ಡವ್‌ನಲ್ಲಿ ಸ್ವಲ್ಪ ಸೋಪೂ ಇದೆ, ಪರಿಮಳವೂ ಇದೆ. ಪೂರ್ತಿ ಸಿಂಡೆಟ್, ಅಂದರೆ ಸೋಪೇ ಇಲ್ಲದ ಸಿಂಥೆಟಿಕ್ ಡಿಟರ್ಜೆಂಟ್, ಎನ್ನಿಸಿಕೊಳ್ಳುವ ಬಾರ್‌ಗಳು ಮೆಡಿಕಲ್ ಶಾಪಿನಲ್ಲಿ ಸಿಗುತ್ತವೆ. ಅವುಗಳ ಪಟ್ಟಿಯಲ್ಲಿ ಸೋಡಿಯಂ ಕೊಕೊಯ್ಲ್ ಐಸೆಥಿಯೊನೇಟ್, ಡೈಸೋಡಿಯಂ ಲಾರಿಲ್ ಸಲ್ಫೋಸಕ್ಸಿನೇಟ್‌ನಂಥ ಹೆಸರು ಮೊದಲು ಬರಬೇಕು, ಪಾಮೇಟ್, ಕರ್ನಲೇಟ್ ಬರಬಾರದು. ಅರಿಶಿನ 5.5ಕ್ಕೂ 7ಕ್ಕೂ ವ್ಯತ್ಯಾಸ ತೋರಿಸದು. ಅದು ಬೇಕಿದ್ದರೆ ಪಿಎಚ್ ಕಾಗದ ಬೇಕು. ಈ ಬಾರ್‌ಗಳ ದೊಡ್ಡ ದೋಷ ಮೆತ್ತಗಾಗುವುದು. ನೀರು ನಿಲ್ಲುವ ಸೋಪ್ ಡಬ್ಬಿಯಲ್ಲಿಟ್ಟರೆ ಎರಡೇ ದಿನಕ್ಕೆ ತಳ ಗಂಜಿಯಾಗುತ್ತದೆ, ಅಷ್ಟು ದುಡ್ಡು ಕೊಟ್ಟ ಬಾರಿನ ಗಣನೀಯ ಪಾಲು ಚರಂಡಿ ಸೇರುತ್ತದೆ. ಅರ್ಧಕ್ಕೆ ಕತ್ತರಿಸಿ, ಒಂದನ್ನು ಒಣಗಿದ ಕಡೆ ಮುಚ್ಚಿಟ್ಟು, ಇನ್ನೊಂದನ್ನು ಕೆಳಗೆ ತೂತಿರುವ ಅಥವಾ ಸಾಲು ಗೀರಿನ ಡಬ್ಬಿಯಲ್ಲಿಡಿ.

ಅಂಟುವಾಳಕ್ಕೂ ಇಲ್ಲಿ ಒಂದು ಮಾತು ಸಲ್ಲಬೇಕು. ಅದರ ಸ್ಯಾಪೊನಿನ್ ಗಡಸು ನೀರಿನಲ್ಲಿ ಸೋಪಿನ ಹಾಗೆ ಗಸಿ ಕಟ್ಟದು, ಅರಿಶಿನವನ್ನು ಕೆಂಪು ಮಾಡದು. ಕಣ್ಣಿಗೆ ಹೋದರೆ ಮಾತ್ರ ಸೋಪಿಗಿಂತ ಹೆಚ್ಚು ಉರಿ.

ಮೈಸೂರ್ ಸ್ಯಾಂಡಲ್‌ಗೆ ಜನ ದುಡ್ಡು ಕೊಡುವುದು ಪರಿಮಳಕ್ಕೆ, ಅದರಲ್ಲಿ ತಪ್ಪಿಲ್ಲ. ಕಿಲೋಗೆ ಲಕ್ಷ ರೂಪಾಯಿ ದಾಟುವ ಗಂಧದೆಣ್ಣೆಯನ್ನು ದಿನಬಳಕೆಯ ಬಾರಿನಲ್ಲಿ ಬಳಸುವುದೇ ಈ ಕಾರ್ಖಾನೆಯ ಹೆಗ್ಗಳಿಕೆ. ಗಂಧದ ವಾಸನೆಯ ಜೀವಾಳ ಸ್ಯಾಂಟಲಾಲ್. ಅದು ನಿಧಾನ ಆವಿಯಾಗುವ ದ್ರವ್ಯ, ಸ್ನಾನದ ಮನೆಯಲ್ಲಿ ಗಂಟೆಗಟ್ಟಲೆ ಉಳಿಯುವುದು ಅದಕ್ಕೇ. ಆದರೆ ಎಷ್ಟು ಶೇಕಡಾ ಎಂದು ಪಟ್ಟಿ ಹೇಳುವುದಿಲ್ಲ, ಹೇಳಬೇಕೆಂಬ ನಿಯಮವೂ ಇಲ್ಲ. ‘ಪರ್ಫ್ಯೂಮ್’ ಎಂಬ ಒಂದೇ ಪದದಲ್ಲಿ ಎಲ್ಲ ಅಡಗಬಹುದು. ಐರೋಪ್ಯ ಒಕ್ಕೂಟದಲ್ಲಿ ಅಲರ್ಜಿ ತರಬಲ್ಲ ಪರಿಮಳ ದ್ರವ್ಯಗಳನ್ನು, ಲಿನಲೂಲ್, ಲಿಮೊನೀನ್, ಜೆರಾನಿಯಾಲ್ ಎಂದು ಹೆಸರು ಹಿಡಿದು ಬರೆಯಬೇಕು. ನಮ್ಮಲ್ಲಿ ಎಲ್ಲ ಡಬ್ಬಿಯ ಮೇಲೂ ಆ ವಿವರ ಸಿಗುವುದಿಲ್ಲ. ಪರಿಮಳಕ್ಕೆ ತುರಿಕೆ ಏಳುವವರು ಇದನ್ನು ಮೈಗೆ ಬಳಸಿ ನೋಡುವ ಮುಂಚೆ ಮೊಣಕೈ ಒಳಮಡಿಕೆಗೆ ಮೂರು ನಾಲ್ಕು ದಿನ ಹಚ್ಚಿ ತೊಳೆದು ನೋಡಲಿ. ಗಂಧದೆಣ್ಣೆ ಕಲೆ ತೆಗೆಯುತ್ತದೆ, ಬಣ್ಣ ತಿಳಿಯಾಗಿಸುತ್ತದೆ ಎಂಬ ನಂಬಿಕೆಗೆ ಮಾತ್ರ ಸೋಪು ಜವಾಬ್ದಾರಿಯಲ್ಲ: ಒಂದು ನಿಮಿಷ ಮೈಮೇಲಿದ್ದು ತೊಳೆದು ಹೋಗುವ ವಸ್ತುವಿನಿಂದ ಅದು ಆಗದು. ವಿಟಮಿನ್ ಇ, ಕೇಸರಿ, ಬಾದಾಮಿ ಎಂದು ಬೆಲೆ ಏರಿಸಿಕೊಂಡ ಬಾರ್‌ಗಳಿಗೂ ಇದೇ ಉತ್ತರ.

ವಾರಾಂತ್ಯದ ಸಂತೆಗಳಲ್ಲಿ ಬಾಳೆ ಎಲೆಯಲ್ಲಿ ಸುತ್ತಿ ಮಾರುವ ಕೈಸೋಪುಗಳಲ್ಲಿ ಒಂದು ನಿಜವಾದ ಗುಣವಿದೆ. ಎಣ್ಣೆ ಸೋಪಾಗುವಾಗ ಹುಟ್ಟುವ ಗ್ಲಿಸರಿನ್, ಎಣ್ಣೆಯ ತೂಕದ ಸುಮಾರು ಹತ್ತರಲ್ಲೊಂದು ಪಾಲು, ಬಾರಿನಲ್ಲೇ ಉಳಿಯುತ್ತದೆ. ದೊಡ್ಡ ಕಾರ್ಖಾನೆಗಳು ಅದನ್ನು ಬೇರ್ಪಡಿಸಿ ಮಾರುತ್ತವೆ. ಆದರೆ ‘ಕೆಮಿಕಲ್ ಇಲ್ಲ’ ಎಂಬ ಫಲಕ ಓದಿದಾಗ ನಗು ಬರುತ್ತದೆ, ಏಕೆಂದರೆ ಕಾಸ್ಟಿಕ್ ಸೋಡಾ ಇಲ್ಲದೆ ಆ ಸೋಪು ಹುಟ್ಟುವುದೇ ಇಲ್ಲ. ತಪ್ಪುವುದೂ ಅಲ್ಲಿಯೇ. ಒಂದು ಗ್ರಾಂ ಕೊಬ್ಬರಿ ಎಣ್ಣೆಗೆ 0.183 ಗ್ರಾಂ ಕಾಸ್ಟಿಕ್ ಸೋಡಾ ಬೇಕಾದರೆ ಆಲಿವ್ ಎಣ್ಣೆಗೆ ಸುಮಾರು 0.134 ಸಾಕು. ಕೊಬ್ಬರಿಯ ಲೆಕ್ಕ ಹಿಡಿದು ಆಲಿವ್ ಸೋಪು ಮಾಡಿದರೆ ಹಾಕಿದ ಕಾಸ್ಟಿಕ್‌ನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಉಳಿದುಬಿಡುತ್ತದೆ, ಚರ್ಮ ಸುಡುತ್ತದೆ. ಬಲ್ಲವರು ಎಣ್ಣೆಯಲ್ಲಿ ಶೇ 5ರಷ್ಟು ಸೋಪಾಗದೆ ಉಳಿಯುವಂತೆ ಅಳತೆ ಇಳಿಸುತ್ತಾರೆ, 4ರಿಂದ 6 ವಾರ ಒಣಗಿಸುತ್ತಾರೆ. ಮಾರುವವರನ್ನು ಕೇಳಬೇಕಾದ ಪ್ರಶ್ನೆ ಎರಡೇ: ಯಾವ ತಾರೀಖು ಅಚ್ಚಿಗೆ ಹೊಯ್ದದ್ದು, ಎಷ್ಟು ಎಣ್ಣೆ ಬಿಟ್ಟಿದ್ದೀರಿ. ತಡವರಿಸಿದರೆ ಮುಂದಿನ ಅಂಗಡಿಗೆ ಹೋಗಿ. ಡಬ್ಬಿಯ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ಬಳಸಬೇಕಾದ ಕೊನೆಯ ದಿನಾಂಕ ಇರಬೇಕೆಂದು 2020ರ ಕಾಸ್ಮೆಟಿಕ್ಸ್ ನಿಯಮಗಳು ಹೇಳುತ್ತವೆ. ಸಂತೆಯ ಸೋಪಿಗೂ ವಿನಾಯಿತಿ ಇಲ್ಲ.

ಬಾರ್ ಬಿಟ್ಟು ಫೇಸ್‌ವಾಶ್‌ಗೆ ಹೋದವರು ಸೋಪಿನಿಂದ ಪಾರಾದೆವು ಅಂದುಕೊಳ್ಳುತ್ತಾರೆ. ಟ್ಯೂಬಿನ ಹಿಂದೆ ಮೈರಿಸ್ಟಿಕ್ ಆಸಿಡ್, ಸ್ಟಿಯರಿಕ್ ಆಸಿಡ್, ಲಾರಿಕ್ ಆಸಿಡ್, ನಡುವೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂದಿದ್ದರೆ ಅದು ಟ್ಯೂಬಿನೊಳಗೇ ಸೋಪಾದ ಸೋಪು. ಸೋಡಿಯಂ ಬದಲು ಪೊಟ್ಯಾಸಿಯಂ ಇರುವುದರಿಂದ ಮೆತ್ತಗಿದೆ, ಅಷ್ಟೇ. ಬೆಣ್ಣೆಯಂಥ ದಟ್ಟ ನೊರೆ ಕೊಡುವ ಫೋಮ್‌ಗಳಲ್ಲಿ ಇದು ಸಾಮಾನ್ಯ. ಅರಿಶಿನ ಕೆಂಪಾಗಿ ಗುಟ್ಟು ಬಿಟ್ಟುಕೊಡುತ್ತದೆ. ಒಣ ಚರ್ಮಕ್ಕೆ ಕೊಕಾಮಿಡೊಪ್ರೊಪೈಲ್ ಬೀಟೈನ್, ಡೆಸೈಲ್ ಗ್ಲುಕೊಸೈಡ್, ಐಸೆಥಿಯೊನೇಟ್ ಮೊದಲ ಐದರಲ್ಲಿ ಇರುವಂಥದ್ದು ವಾಸಿ.

ಪಟ್ಟಿ ಓದಲು ಇನ್ನೊಂದು ಕೀಲಿ ಶೇ 1ರ ಗೆರೆ. ನಮ್ಮ ನಿಯಮದ ಪ್ರಕಾರ ಶೇ 1ಕ್ಕಿಂತ ಹೆಚ್ಚಿರುವುದನ್ನೆಲ್ಲ ಇಳಿಕೆ ಕ್ರಮದಲ್ಲಿ ಬರೆಯಬೇಕು; ಅದಕ್ಕಿಂತ ಕಡಿಮೆಯದ್ದನ್ನು ಹೇಗೆ ಬೇಕಾದರೂ ಜೋಡಿಸಬಹುದು. 60 ಎಂಎಲ್‌ಗಿಂತ ಚಿಕ್ಕ ದ್ರವ, 30 ಗ್ರಾಂಗಿಂತ ಚಿಕ್ಕ ಘನ ಪ್ಯಾಕಿಗೆ ಪಟ್ಟಿಯೇ ಕಡ್ಡಾಯವಲ್ಲ, ಹಾಗಾಗಿ ಪಟ್ಟಿ ಓದಬೇಕಿದ್ದರೆ ದೊಡ್ಡ ಪ್ಯಾಕ್ ಹಿಡಿಯಿರಿ. ಗೆರೆ ಎಲ್ಲಿ ಎಂದು ಯಾರೂ ಗುರುತು ಹಾಕುವುದಿಲ್ಲ, ನಾವೇ ಊಹಿಸಬೇಕು. ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಸಾಮಾನ್ಯವಾಗಿ ಶೇ 1ರ ಮೇಲೆ ಹಾಕುವುದಿಲ್ಲ. ಅದರ ಆಚೆ ಬರುವ ಕೇಸರಿ, ಗುಲಾಬಿ, ಮುತ್ತಿನ ಪುಡಿಯೆಲ್ಲ ಹೆಸರಿಗಷ್ಟೇ. ದಿ ಆರ್ಡಿನರಿಯ ‘ನಿಯಾಸಿನಮೈಡ್ 10% + ಝಿಂಕ್ 1%’ ಸೀರಂ ಈ ಓದಿಗೆ ಒಳ್ಳೆಯ ಪಾಠ, ಗೆರೆ ಅದರ ಹೆಸರಲ್ಲೇ ಇದೆ. ನೀರು, ನಿಯಾಸಿನಮೈಡ್, ಪೆಂಟಿಲೀನ್ ಗ್ಲೈಕಾಲ್, ಝಿಂಕ್ ಪಿಸಿಎ. ಅಲ್ಲಿಂದಾಚೆ ಎಲ್ಲವೂ ಶೇ 1ರ ಒಳಗೆ. ಆ ಆಚೆಯವರಲ್ಲಿ ಒಬ್ಬರು ಹುಣಸೆ ಬೀಜದ ಗೋಂದು, ಸೀರಂ ಮಂದವಾಗಲೆಂದು ಹಾಕಿದ್ದು. ಹುಣಸೆ ಬೀಜವನ್ನು ನಾವು ಚೌಕಾಬಾರಕ್ಕೆ ಇಟ್ಟುಕೊಂಡೆವು, ಕೆನಡಾದವರು ಸೀರಂಗೆ ಹಾಕಿದರು.

ಹಾಗಾದರೆ ಯಾವುದು ಯಾರಿಗೆ? ಕಾವೇರಿ ನೀರು ಬರುವ, ಚರ್ಮದ ತಕರಾರಿಲ್ಲದ ಮನೆಗೆ ಕುತ್ತಿಗೆಯಿಂದ ಕೆಳಗೆ ಮೈಸೂರ್ ಸ್ಯಾಂಡಲ್ ಬಿಟ್ಟು ಬೇರೆ ಹುಡುಕುವ ಅಗತ್ಯವಿಲ್ಲ. ಮುಖಕ್ಕೆ ಬೇಡ, ಅದರಲ್ಲೂ ಡಿಸೆಂಬರಿನಿಂದ ಮಾರ್ಚ್‌ವರೆಗಿನ ಒಣಗಾಳಿಯಲ್ಲಿ. ಬಾಟಲಿ ಪರೀಕ್ಷೆಯಲ್ಲಿ ಗಸಿ ಕಂಡ ಮನೆಗೆ ಐಸೆಥಿಯೊನೇಟ್ ಬಾರ್ ಹೆಚ್ಚು ಬೆಲೆ ಕೊಟ್ಟರೂ ಲಾಭ, ಅಲ್ಲಿ ಸೋಪು ಬೇಗ ಖರ್ಚಾಗುವುದರಿಂದ ಬೆಲೆಯ ಅಂತರವೂ ಕಿರಿದಾಗುತ್ತದೆ. ಅಲ್ಲೂ ಗಂಧದ ವಾಸನೆ ಬಿಡಲಾಗದವರು ಕಂಕುಳು, ಕಾಲುಗಳಿಗಷ್ಟೇ ಸೋಪು ಹಚ್ಚಿ, ಕೊನೆಯ ಎರಡು ಚೊಂಬು ಮೆದು ನೀರಿನಿಂದ ತೊಳೆಯಲಿ. ಆರ್‌ಓ ಯಂತ್ರ ಹೊರಬಿಡುವ ನೀರನ್ನು ಇದಕ್ಕೆ ಬಳಸಬೇಡಿ, ಅದು ನಲ್ಲಿ ನೀರಿಗಿಂತ ಗಡಸು. ಮೈ ಪೂರ್ತಿ ಒಣಗುವ ಮುಂಚೆ ಮಾಯಿಶ್ಚರೈಸರ್ ಅಥವಾ ಒಂದು ಚಮಚ ಕೊಬ್ಬರಿ ಎಣ್ಣೆ ಸವರಿದರೆ ಯಾವ ಬಾರಿನ ತಪ್ಪೂ ಅರ್ಧ ಮುಚ್ಚುತ್ತದೆ.

ಬೆಲೆ ಹೋಲಿಸುವಾಗ ಎಂಆರ್‌ಪಿ ನೋಡದೆ ಅದರ ಪಕ್ಕದ ಗ್ರಾಂಗೆ ಇಷ್ಟು ಎಂಬ ದರ ನೋಡಿ; ಒಂದು ಬಾರ್ 75 ಗ್ರಾಂ, ಇನ್ನೊಂದು 125 ಇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಬಾರ್ ಸೋಪಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಿರುವುದರಿಂದ ಹಳೆಯ ದರ ಮುದ್ರಿಸಿದ ದಾಸ್ತಾನು ಕಂಡರೆ ವಿಚಾರಿಸಿ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರ್ ಸ್ಯಾಂಡಲ್ ತಯಾರಿಸುತ್ತಿದ್ದ ಜಾಲ ಸಿಕ್ಕಿಬಿದ್ದಿತ್ತು. ಎಂಆರ್‌ಪಿಗಿಂತ ತೀರಾ ಕಡಿಮೆಗೆ ರಾಶಿ ಹಾಕಿ ಮಾರುವ ಕಡೆ ಬ್ಯಾಚ್ ಸಂಖ್ಯೆ, ಪರವಾನಗಿ ಸಂಖ್ಯೆಯ ಮುದ್ರಣ ಸ್ಪಷ್ಟವಾಗಿದೆಯೇ ನೋಡಿಯೇ ತೆಗೆದುಕೊಳ್ಳಿ.

ತೂಕದ ಪಕ್ಕ ‘ಪ್ಯಾಕ್ ಮಾಡಿದಾಗ’ ಎಂದು ಬರೆದಿರುತ್ತದೆ. ಬಾರಿನ ತೇವ ಡಬ್ಬಿಯಲ್ಲೇ ನಿಧಾನ ಆರಿ ತೂಕ ಇಳಿಯುವುದರಿಂದ ಆ ಮಾತು, ಮೋಸವಲ್ಲ. ಆರಿದ ಸೋಪು ಗಟ್ಟಿಯಾಗಿ ಹೆಚ್ಚು ದಿನ ಬಾಳುತ್ತದೆ. ಹೊಸ ಸೋಪನ್ನು ಸೀರೆ ಮಡಿಕೆಯ ನಡುವೆ ತಿಂಗಳುಗಟ್ಟಲೆ ಇಟ್ಟು ಆಮೇಲೆ ಬಚ್ಚಲಿಗೆ ತರುವ ಅಜ್ಜಿಯರ ಪದ್ಧತಿ ಲೆಕ್ಕಕ್ಕೆ ಸರಿಯಾಗಿಯೇ ಇದೆ, ಒಂದಷ್ಟು ಗಂಧ ಸೀರೆಯ ಪಾಲಾಗುತ್ತದೆ ಎಂಬುದನ್ನು ಬಿಟ್ಟರೆ.